ಮೇಲಿನ ಬಚ್ಚಲು ಸೋರಿ ಕೆಳಗಿನ ಸೀಲಿಂಗ್ ಹಾಳಾದರೆ: ಯಾರನ್ನು ಮೊದಲು ಕರೆಯಬೇಕು, ಎಷ್ಟು ಕಾಯಬೇಕು

ಸೀಲಿಂಗ್ ಮೇಲೆ ಕಂದು ಬಣ್ಣದ ಉಂಗುರ ಮೂಡಿದ ಕೂಡಲೇ ಹೆಚ್ಚಿನವರು ಕರೆಯುವುದು ಪೇಂಟರನ್ನು. ಅವರು ಬಂದು ಹಕ್ಕಳೆ ಎದ್ದದ್ದನ್ನು ಕೆರೆದು, ಎರಡು ಕೈ ಪುಟ್ಟಿ ಎಳೆದು, ಬಣ್ಣ ಹೊಡೆದು ಹೋಗುತ್ತಾರೆ. ವರ್ಷ ತುಂಬುವ ಮೊದಲೇ ಅದೇ ಜಾಗ ಮತ್ತೆ ಉಬ್ಬುತ್ತದೆ. ಇದರಲ್ಲಿ ಪೇಂಟರ ತಪ್ಪೇನೂ ಇಲ್ಲ, ಸರದಿಯಲ್ಲಿ ಕೊನೆಗೆ ಬರಬೇಕಾದವರನ್ನು ಮೊದಲೇ ಕರೆದದ್ದು ತಪ್ಪು. ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಪ್ಲಂಬರ್, ಆಮೇಲೆ ಗಾರೆಯವರು ಮೇಲಿನ ಮನೆಗೆ. ಅದಾದ ಮೇಲೆ ಕೆಲವು ವಾರ ಯಾರೂ ಬೇಡ. ಆಮೇಲೆ ಗಾರೆಯವರು ಕೆಳಗಿನ ಮನೆಗೆ, ಕಟ್ಟಕಡೆಗೆ ಪೇಂಟರ್. ಆ ‘ಯಾರೂ ಬೇಡ’ ಅನ್ನುವ ವಾರಗಳನ್ನು ಹಾರಿಸಿಬಿಡುವುದರಿಂದಲೇ ಬಹಳಷ್ಟು ರಿಪೇರಿ ಕೆಡುತ್ತದೆ.

ನಾನು ಇಲ್ಲಿ ಹೇಳುತ್ತಿರುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಸಾಮಾನ್ಯ ಕಟ್ಟಡದ ಬಗ್ಗೆ. ನಾಲ್ಕೈದು ಇಂಚಿನ ಆರ್‌ಸಿಸಿ ಮೋಲ್ಡ್ (ಕಂಬಿ ಹಾಕಿದ ಕಾಂಕ್ರೀಟ್ ಚಾವಣಿ), ಅದರ ಅಡಿಗೆ ತೆಳ್ಳಗಿನ ಸಿಮೆಂಟ್ ಪ್ಲಾಸ್ಟರ್, ಮೇಲಿನ ಮಹಡಿಯಲ್ಲಿ ಬಚ್ಚಲು. ಹೆಂಚಿನ ಮನೆಯ ಸೋರಿಕೆಯ ಲೆಕ್ಕವೇ ಬೇರೆ, ಅದು ಇಲ್ಲಿಲ್ಲ.

ಬಕೆಟ್‌ಗಿಂತ ಮೊದಲು ಎಂಸಿಬಿ

ನೀರು ತೊಟ್ಟಿಕ್ಕುತ್ತಿದ್ದರೆ ಮೊದಲು ಆ ಕೋಣೆಯ ಎಂಸಿಬಿ, ಅಂದರೆ ಬೋರ್ಡಿನಲ್ಲಿ ಕರೆಂಟು ಕಡಿಯುವ ಸ್ವಿಚ್, ಕೆಳಗಿಳಿಸಿ, ಆಮೇಲೆ ಬಕೆಟ್ ಹುಡುಕಿ. ಮೋಲ್ಡ್ ಹಾಕುವಾಗಲೇ ವೈರಿಂಗ್‌ನ ಪಿವಿಸಿ ಪೈಪುಗಳನ್ನು ಕಂಬಿಗೆ ಕಟ್ಟಿ ಕಾಂಕ್ರೀಟಿನೊಳಗೆ ಹೂತಿರುತ್ತಾರೆ. ಒಳಗೆ ಸೇರಿದ ನೀರಿಗೆ ಅದಕ್ಕಿಂತ ಸಲೀಸಾದ ದಾರಿ ಸಿಗುವುದಿಲ್ಲ. ಬಚ್ಚಲು ಒಂದು ಮೂಲೆಯಲ್ಲಿದ್ದು, ಹತ್ತು ಹನ್ನೆರಡು ಅಡಿ ಆಚೆಯ ಫ್ಯಾನ್ ಬಾಕ್ಸಿನಿಂದ ಹನಿ ಬೀಳುವುದು ಅಪರೂಪವೇನಲ್ಲ. ಫ್ಯಾನಿನ ಮೇಲುಗಡೆಯ ಕಪ್ಪಿನಲ್ಲಿ ನೀರು ನಿಂತು, ರಾಡಿನ ಗುಂಟ ಇಳಿದು, ಮೋಟಾರಿನೊಳಗೆ ಸೇರಿರುತ್ತದೆ. ಹೊರಗಿನಿಂದ ನೋಡಿದರೆ ರೆಕ್ಕೆಯ ತುದಿಯಲ್ಲಿ ಒಂದು ಹನಿ ಅಷ್ಟೇ. ಅದನ್ನು ಒರೆಸಿ ಸ್ವಿಚ್ ಹಾಕುವವರಿದ್ದಾರೆ, ಬೇಡ. ಫ್ಯಾನ್ ಇಳಿಸಿ ಒಣಗಿಸಿ. ಆ ಸರ್ಕ್ಯೂಟನ್ನು ಮತ್ತೆ ಚಾಲೂ ಮಾಡುವ ಮುಂಚೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಸಿ: 500 ವೋಲ್ಟಿನ ಪರೀಕ್ಷೆಯಲ್ಲಿ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಪದೇ ಪದೇ ಬೀಳುತ್ತಿದ್ದರೆ ಅದು ಕೆಟ್ಟಿದೆ ಎಂದು ತಿಳಿಯಬೇಡಿ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಕರೆಂಟ್ ಸೋರಿಕೆಗೆ ಬೀಳುವಂಥದ್ದು, ಹಸಿ ವೈರಿಂಗಿನಲ್ಲಿ ಬೀಳುವುದೇ ಅದರ ಕೆಲಸ. ‘ಸದ್ಯಕ್ಕೆ ಬೈಪಾಸ್ ಮಾಡಿಕೊಡ್ತೀನಿ ಸಾರ್’ ಎಂದರೆ ಒಪ್ಪಲೇಬೇಡಿ.

ಫಾಲ್ಸ್ ಸೀಲಿಂಗ್ ಇದ್ದು, ಜಿಪ್ಸಂ ಬೋರ್ಡ್ ಹೊಟ್ಟೆ ಬಿಟ್ಟಿದ್ದರೆ ಅದರ ಮೇಲೆ ನೀರು ನಿಂತಿದೆ. ಅತಿ ತಗ್ಗಿನ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ಒಂದು ತೂತು ಮಾಡಿ ಬಕೆಟ್‌ಗೆ ಇಳಿಸಿ. ನಿಲ್ಲುವಾಗ ಅದರ ನೇರ ಕೆಳಗೆ ನಿಲ್ಲಬೇಡಿ. ಜೋತುಬಿದ್ದ ಬೋರ್ಡ್ ಒಣಗಿದರೂ ಮತ್ತೆ ನೇರವಾಗುವುದಿಲ್ಲ. ಚಾನೆಲ್‌ನಿಂದ ಚಾನೆಲ್‌ವರೆಗೆ ಚೌಕವಾಗಿ ಕತ್ತರಿಸಿ ತೆಗೆಯುವುದೇ ಸರಿ. ಹೇಗೂ ಮೇಲಿನ ಮೋಲ್ಡ್ ನೋಡದೆ ಮುಂದಿನ ಕೆಲಸ ಆಗುವುದಿಲ್ಲ.

ಇಷ್ಟರಲ್ಲೇ ಫೋಟೊ, ವಿಡಿಯೊ ತೆಗೆದಿಟ್ಟುಕೊಳ್ಳಿ. ಮನೆಯ ವಿಮೆ ಇದ್ದರೆ ಏನನ್ನೂ ಕಿತ್ತು ಬಿಸಾಡುವ ಮುಂಚೆ ಕಂಪನಿಗೆ ತಿಳಿಸಿ. 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೀರಿನ ಟ್ಯಾಂಕ್, ಪೈಪು ಒಡೆದು ಅಥವಾ ಉಕ್ಕಿ ಆದ ಹಾನಿ ಸೇರಿದೆ. ತಿಂಗಳುಗಟ್ಟಲೆ ಸಣ್ಣಗೆ ಜಿನುಗಿ ಆದ ಹಾನಿಯನ್ನು ಮಾತ್ರ ಸವಕಳಿ ಎಂದು ತಳ್ಳಿಹಾಕುವುದೇ ಹೆಚ್ಚು. ಹಾಗಾಗಿ ಮೊದಲ ದಿನದ ಫೋಟೊಗೆ ಬೆಲೆ ಇದೆ.

ನೀರು ಎಲ್ಲಿಂದ?

ಕಲೆ ಇರುವ ಜಾಗದ ನೇರ ಮೇಲೆಯೇ ಸೋರಿಕೆ ಇರಬೇಕೆಂದಿಲ್ಲ. ಆದರೆ ಕಲೆ ಯಾವಾಗ ಹಸಿಯಾಗುತ್ತದೆ ಎಂಬುದು ಸುಳ್ಳು ಹೇಳುವುದಿಲ್ಲ. ಹಸಿಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು, ಹೊತ್ತು ಬರೆಯಿರಿ. ಮಳೆ ಬಂದಾಗ ಮಾತ್ರ ಹಬ್ಬಿದರೆ ತಾರಸಿ ಅಥವಾ ಹೊರಗೋಡೆ. ರಾತ್ರಿ ಹಗಲು ಒಂದೇ ಸಮನೆ ಹನಿಯುತ್ತಿದ್ದರೆ ನೀರು ಸರಬರಾಜಿನ ಪೈಪು, ಏಕೆಂದರೆ ಅದರಲ್ಲಿ ಸದಾ ಒತ್ತಡ ಇರುತ್ತದೆ. ಬೆಳಗಿನ ಸ್ನಾನದ ನಂತರ ಒಂದೆರಡು ಗಂಟೆಗೆ ಜೋರಾಗಿ ಸಂಜೆಗೆ ತಗ್ಗಿದರೆ ನೆಲ ಅಥವಾ ಹೊರಹೋಗುವ ಪೈಪು. ಮೇಲಿನವರು ಊರಿಗೆ ಹೋಗಿ ವಾರವಾದರೂ ಹಾಗೆಯೇ ಜಿನುಗುತ್ತಿದ್ದರೆ, ಮತ್ತು ಅವರು ಮೇನ್ ವಾಲ್ವ್ ಮುಚ್ಚಿ ಹೋಗಿದ್ದರೆ, ಬಚ್ಚಲ ನೆಲದ ಕೆಳಗಿನ ತಗ್ಗಿನಲ್ಲಿ ನೀರು ತುಂಬಿಕೊಂಡಿದೆ. ಅದರ ಮಾತು ಮುಂದೆ ಬರುತ್ತದೆ.

ಪರೀಕ್ಷೆಯನ್ನು ಒಂದೊಂದಾಗಿ ಮಾಡಬೇಕು, ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಮೊದಲು ಸರಬರಾಜಿನ ಪೈಪು. ರಾತ್ರಿ ಮಲಗುವ ಮುನ್ನ ಓವರ್‌ಹೆಡ್ ಟ್ಯಾಂಕಿನಿಂದ ಆ ಬಚ್ಚಲಿಗೆ ಇಳಿಯುವ ವಾಲ್ವ್ ಮುಚ್ಚಿಸಿ. ಬೆಳಿಗ್ಗೆಗೆ ಹನಿ ಕಡಿಮೆಯಾಗಿದ್ದರೆ ಅನುಮಾನ ಪೈಪಿನ ಮೇಲೆ. ಖಚಿತಕ್ಕೆ ಪ್ಲಂಬರ್ ಪ್ರೆಷರ್ ಪಂಪ್ ತರಬೇಕು: ನಲ್ಲಿಗಳ ಜಾಗಕ್ಕೆಲ್ಲ ಡಮ್ಮಿ ಹಾಕಿ, ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ, ಅರ್ಧ ಗಂಟೆ ಮುಳ್ಳು ನೋಡಬೇಕು. ತಣ್ಣೀರು, ಬಿಸಿನೀರಿನ ಲೈನುಗಳಿಗೆ ಬೇರೆ ಬೇರೆಯಾಗಿ. ಗೀಸರ್ ಕಡೆಯಿಂದ ಬರುವ ಬಿಸಿನೀರಿನ ಲೈನನ್ನು ಮರೆಯುವವರೇ ಜಾಸ್ತಿ. ಕಾಯುತ್ತಾ ಆರುತ್ತಾ ಹಿಗ್ಗಿ ಕುಗ್ಗುವ ಪೈಪು ಅದೇ, ಜಾಯಿಂಟ್ ಬಿಡುವುದೂ ಅದೇ.

ಎರಡನೆಯದು ಹೊರಹೋಗುವ ಪೈಪು. ನೆಲ ಒಣಗಿರುವಾಗ, ಎಲ್ಲೂ ಚೆಲ್ಲದಂತೆ ನಹಾನಿ ಟ್ರ್ಯಾಪಿನೊಳಕ್ಕೇ (ಬಚ್ಚಲ ನೆಲದ ನೀರು ಹೊರಹೋಗುವ ಜಾಲರಿಯ ಕೆಳಗಿನ ಬಟ್ಟಲು) ಪೈಪು ಇಳಿಬಿಟ್ಟು ನಾಲ್ಕಾರು ಬಕೆಟ್ ನೀರು ಬಿಡಿ. ಕೆಳಗೆ ಹಸಿ ಹೆಚ್ಚಿದರೆ ಟ್ರ್ಯಾಪಿನ ಕೆಳಗಿನ ಜಾಯಿಂಟ್. ಹೆಚ್ಚದಿದ್ದರೆ ಮೂರನೆಯದು, ನೆಲ. ಪಾಲಿಥಿನ್‌ನಲ್ಲಿ ಬಟ್ಟೆ ಸುತ್ತಿ ಟ್ರ್ಯಾಪಿನ ಬಾಯಿ ಬಿಗಿಯಾಗಿ ಮುಚ್ಚಿ, ಒಂದು ಇಂಚು ನೀರು ನಿಲ್ಲಿಸಿ, ಗೋಡೆಯ ಟೈಲ್ಸ್ ಮೇಲೆ ಮಟ್ಟ ಗುರುತು ಹಾಕಿ 24 ಗಂಟೆ ಬಿಡಬೇಕು. ನೀರಿಗೆ ಅಡುಗೆ ಬಣ್ಣ ಕಲಸಿದರೆ ಕೆಲವೊಮ್ಮೆ ಕೆಳಗೆ ಬಣ್ಣ ಕಾಣುತ್ತದೆ. ಕಾಣದಿದ್ದರೆ ಸೋರಿಕೆ ಇಲ್ಲವೆಂದಲ್ಲ, ಇಟ್ಟಿಗೆ ಚೂರು, ಕಾಂಕ್ರೀಟು ದಾಟುವಾಗ ಬಣ್ಣ ಅಲ್ಲೇ ಉಳಿದಿರಬಹುದು.

ನೆಲದ ಸೋರಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಆರೋಪಿ ನಹಾನಿ ಟ್ರ್ಯಾಪಿನ ಸುತ್ತಲಿನ ಜಾಗ. ಟ್ರ್ಯಾಪ್ ಪಿವಿಸಿ, ಸುತ್ತ ತುಂಬಿದ್ದು ಸಿಮೆಂಟ್ ಗಾರೆ. ನುಣುಪಾದ ಪ್ಲಾಸ್ಟಿಕ್ಕಿಗೆ ಸಿಮೆಂಟ್ ಹಿಡಿದುಕೊಳ್ಳುವುದೇ ಇಲ್ಲ. ಗಾರೆ ಒಣಗಿ ಕುಗ್ಗಿದಾಗ ಸುತ್ತ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಮೇಲಿನ ಟೈಲ್ಸ್ ಜಾಯಿಂಟಿನ ವೈಟ್ ಸಿಮೆಂಟ್ ನೀರು ತಡೆಯುವಂಥದ್ದಲ್ಲ, ಅದರೊಳಗಿಂದ ಇಳಿದ ನೀರು ವಾಟಕ್ಕೆ ಸರಿಯಾಗಿ ಟ್ರ್ಯಾಪಿನ ಕಡೆಗೇ ಹರಿದು ಬರುತ್ತದೆ. ಅಲ್ಲಿ ವಾಟರ್‌ಪ್ರೂಫಿಂಗ್ ಪದರ ಟ್ರ್ಯಾಪಿನ ತುಟಿಯವರೆಗೆ ಬಂದಿರಬೇಕು, ಆದರೆ ಒಂದಿಂಚು ಹಿಂದೆಯೇ ನಿಂತಿರುತ್ತದೆ. ಮನೆಯ ನೀರೆಲ್ಲ ಬಂದು ಸೇರುವ ಆ ಒಂದಿಂಚೇ ಬಚ್ಚಲಿನ ಅತಿ ದುರ್ಬಲ ಜಾಗ.

ರಿಪೇರಿ ಆಗಬೇಕಾದದ್ದು ಮೇಲೆ

ಟ್ರ್ಯಾಪಿನ ಸುತ್ತಲಷ್ಟೇ ತೊಂದರೆ ಎಂದು ಖಾತ್ರಿಯಾದರೆ ಇಡೀ ಬಚ್ಚಲು ಒಡೆಯಬೇಕಾಗಿಲ್ಲ. ಸುತ್ತ ಒಂದೊಂದು ಅಡಿ ಟೈಲ್ಸ್ ಎಬ್ಬಿಸಿ, ಟ್ರ್ಯಾಪಿನ ಸುತ್ತ 20 ಮಿಮೀ ಅಗಲ, ಅಷ್ಟೇ ಆಳದ ಕಾಲುವೆ ಕೊರೆದು, ಪಿವಿಸಿಯ ಮೇಲ್ಮೈಯನ್ನು ಉಪ್ಪುಕಾಗದದಿಂದ ಒರಟು ಮಾಡಿ, ಒಣಗಿದ ಮೇಲೆ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಅದರ ಮೇಲೆ ಎರಡು ಭಾಗದ, ಅಂದರೆ ಪುಡಿ ಮತ್ತು ದ್ರವ ಬೆರೆಸುವ, ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಕೈ. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಬಿಡುವು. ಮೊದಲ ಕೈ ಹಸಿಯಿರುವಾಗಲೇ ಮೂಲೆಗಳಿಗೂ ಟ್ರ್ಯಾಪಿನ ಸುತ್ತಲೂ ಫೈಬರ್ ಬಟ್ಟೆ ಕೂರಿಸಬೇಕು. ಕೋಟಿಂಗ್ ಟ್ರ್ಯಾಪಿನ ಬಾಯಿಯೊಳಕ್ಕೆ ಮಡಚಿಕೊಂಡಿರಬೇಕು. ಪೂರ್ತಿ ನೆಲ ಎಬ್ಬಿಸಿದ್ದರೆ ಗೋಡೆಗೂ ಒಂದು ಅಡಿ, ಶವರ್ ಇರುವ ಕಡೆ ಆರು ಅಡಿ ಎತ್ತರ ಹತ್ತಿಸಿ. ಟೈಲ್ಸ್ ಹಾಕುವ ಮುಂಚೆ 48 ಗಂಟೆ ಮತ್ತೆ ನೀರು ನಿಲ್ಲಿಸಿ ನೋಡಿ. ಟೈಲ್ಸ್ ಹಾಕಿದ ಮೇಲೆ ಮಾಡುವ ಪರೀಕ್ಷೆಯಿಂದ ಗೊತ್ತಾಗುವುದು ಮತ್ತೆ ಒಡೆಯಬೇಕು ಎಂಬುದಷ್ಟೇ.

ಈಗ ಆ ತಗ್ಗಿನ ಮಾತು. ಪೈಪುಗಳಿಗೆ ಜಾಗ ಬೇಕೆಂದು ಬಚ್ಚಲಿನ ಮೋಲ್ಡನ್ನು ಉಳಿದ ನೆಲಕ್ಕಿಂತ ಎಂಟರಿಂದ ಹನ್ನೆರಡು ಇಂಚು ಕೆಳಗೆ ಹಾಕಿ, ಆ ಹಳ್ಳಕ್ಕೆ ಇಟ್ಟಿಗೆ ಚೂರು ತುಂಬಿ, ಮೇಲೆ ನೆಲ ಮಾಡುತ್ತಾರೆ. ಸಂಕನ್ ಸ್ಲ್ಯಾಬ್ ಎನ್ನುವುದು ಇದನ್ನೇ. ಮೇಲಿನಿಂದ ಇಳಿದ ನೀರು ಅಲ್ಲಿ ಬಾನಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಲೆಕ್ಕ ಹಾಕಿ: ಐದು ಅಡಿಗೆ ಏಳು ಅಡಿ ಬಚ್ಚಲು, ಒಂದು ಅಡಿ ಆಳ, ಒಟ್ಟು 35 ಘನ ಅಡಿ. ಅಂದರೆ ಸುಮಾರು 990 ಲೀಟರ್ ಜಾಗ. ಇಟ್ಟಿಗೆ ಚೂರಿನ ನಡುವೆ ಕಾಲು ಭಾಗ ಮಾತ್ರ ನೀರು ತುಂಬಿದೆ ಎಂದುಕೊಂಡರೂ ಹತ್ತಿರ ಹತ್ತಿರ 250 ಲೀಟರ್. ಮೇಲಿನ ಸೋರಿಕೆಯನ್ನು ಇವತ್ತು ಪೂರ್ತಿ ನಿಲ್ಲಿಸಿದರೂ ಈ ನೀರು ವಾರಗಟ್ಟಲೆ ಕೆಳಗೆ ಜಿನುಗುತ್ತಲೇ ಇರುತ್ತದೆ. ‘ಅಷ್ಟು ಖರ್ಚು ಮಾಡಿದ್ರೂ ನಿಂತಿಲ್ಲ’ ಎಂದು ಮೇಲಿನ ಮನೆಯವರಿಗೂ ಕೆಳಗಿನವರಿಗೂ ಜಗಳ ಶುರುವಾಗುವುದು ಸಾಮಾನ್ಯವಾಗಿ ಈ ಹಂತದಲ್ಲಿ.

ಆ ನೀರನ್ನು ಬೇಕೆಂದೇ ಇಳಿಸಿಬಿಡುವುದು ಒಳ್ಳೆಯದು. ಕೆಳಗಿನಿಂದ, ಕಲೆ ಅತಿ ಹಸಿಯಾಗಿರುವ ಜಾಗದಲ್ಲಿ, 12 ಮಿಮೀ ಬಿಟ್‌ನಿಂದ ಒಂದು ತೂತು ಕೊರೆದು, ಸಣ್ಣ ಪೈಪು ಕೂರಿಸಿ ಬಕೆಟ್‌ಗೆ ಬಿಡುತ್ತಾರೆ. ಕಂಬಿಗೆ, ವೈರಿಂಗ್ ಪೈಪಿಗೆ, ತೊಲೆಗೆ ತಾಗದ ಹಾಗೆ ಕೊರೆಯಬೇಕು. ಕಂಬಿ ಪತ್ತೆಹಚ್ಚುವ ಸಾಧನ ಇರುವವರಿಂದಲೇ ಮಾಡಿಸಿ, ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಪಡೆದು ಮಾಡಿಸಿ. ನೀರು ಪೂರ್ತಿ ನಿಂತು ಒಣಗಿದ ಮೇಲೆ ಆ ತೂತನ್ನು ಕುಗ್ಗದ ಗ್ರೌಟ್‌ನಿಂದ ಮುಚ್ಚುತ್ತಾರೆ. ಇಡೀ ಬಚ್ಚಲು ಒಡೆಯುವ ಸಂದರ್ಭ ಬಂದರೆ ಹಳ್ಳದ ತಳಕ್ಕೇ ಒಂದು ಪದರ ಕೋಟಿಂಗ್, ತಳದ ನೀರು ಹೊರಗೆ ಹೋಗಲು ಒಂದು ಸಣ್ಣ ಪೈಪು ಎರಡನ್ನೂ ಕೇಳಿ ಹಾಕಿಸಿ. ಈ ಪೈಪನ್ನು ಹೊಸ ಮನೆಗಳಲ್ಲೂ ಬಿಟ್ಟುಬಿಡುತ್ತಾರೆ.

‘ಮೇಲಿನವರು ಒಡೆಯೋಕೆ ಬಿಡ್ತಿಲ್ಲ, ಕೆಳಗಿಂದಲೇ ಕೆಮಿಕಲ್ ಹೊಡೆದುಬಿಡೋಣ’ ಎನ್ನುವ ಪರಿಹಾರದಲ್ಲಿ ನನಗೆ ನಂಬಿಕೆ ಇಲ್ಲ. ಕೆಳಗಿನಿಂದ ಹಚ್ಚಿದ ಪದರದ ಹಿಂದೆ ನೀರು ಹಾಗೇ ನಿಂತಿರುತ್ತದೆ. ಪದರವನ್ನು ನೀರೇ ಹಿಂದಿನಿಂದ ತಳ್ಳುತ್ತಿರುತ್ತದೆ, ಜೊತೆಗೆ ಒಳಗಿನ ಕಂಬಿ ನೆನೆಯುತ್ತಲೇ ಇರುತ್ತದೆ. ಬಿರುಕಿನೊಳಕ್ಕೆ ಪಿಯು (ಪಾಲಿಯುರೆಥೇನ್) ಇಂಜೆಕ್ಷನ್ ಕೊಡುವುದು ಹರಿಯುವ ನೀರನ್ನು ತಕ್ಷಣ ನಿಲ್ಲಿಸಲು ಒಳ್ಳೆಯ ಉಪಾಯವೇ, ಆದರೆ ಬಚ್ಚಲಿನ ಸೋರಿಕೆಗೆ ಅದೊಂದೇ ಸಾಲದು. ಈ ಬಿರುಕು ಮುಚ್ಚಿದರೆ ನೀರು ಎರಡು ಅಡಿ ಆಚೆ ಹೊಸ ಜಾಗ ಹುಡುಕಿಕೊಳ್ಳುತ್ತದೆ.

ಖರ್ಚು ಯಾರದ್ದು ಎಂಬುದಕ್ಕೆ ಒಂದೆರಡು ಮಾತು. ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆ ಅಥವಾ ಕೆಲಸದ ಗುಣಮಟ್ಟದ ದೋಷ ಗಮನಕ್ಕೆ ತಂದರೆ ಬಿಲ್ಡರ್ 30 ದಿನದಲ್ಲಿ, ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ಬರವಣಿಗೆಯಲ್ಲಿ ಕೊಡಿ, ವಾಟ್ಸಾಪ್ ಸಂದೇಶವೊಂದೇ ನಂಬಿ ಕೂರಬೇಡಿ. ಅವಧಿ ಮೀರಿದ್ದರೆ ಮೇಲಿನ ಮನೆಯವರ ಜೊತೆ ಕೂತು, ಮೂರು ಪರೀಕ್ಷೆಗಳನ್ನೂ ಅವರ ಎದುರೇ ಮಾಡಿ. ಕಣ್ಣೆದುರು ನೀರು ಇಳಿದದ್ದು ಕಂಡರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಒಣಗಿಸುವುದು

ಮೇಲಿನ ಕೆಲಸ ಮುಗಿದ ದಿನವೇ ಕೆಳಗೆ ಒಂದು ಕೆಲಸ ಮಾಡಬೇಕು: ಹಸಿಯಿರುವಷ್ಟು ಜಾಗದ ಬಣ್ಣ, ಪುಟ್ಟಿ ಎಲ್ಲ ಕೆರೆದು ಪ್ಲಾಸ್ಟರ್ ಬಿಚ್ಚಿಡಬೇಕು. ಎಮಲ್ಷನ್ ಪದರ ಇದ್ದರೆ ಒಳಗಿನ ತೇವ ಹೊರಬರಲು ಬಹಳ ಹೊತ್ತು ಹಿಡಿಯುತ್ತದೆ, ಆಯಿಲ್ ಪೇಂಟ್ ಇದ್ದರೆ ಬರುವುದೇ ಇಲ್ಲ ಎನ್ನಬಹುದು. ಕಲೆಯ ಅಂಚಿನಿಂದ ಒಂದು ಅಡಿ ಹೆಚ್ಚಿಗೇ ಕೆರೆಯಿರಿ.

ಆಮೇಲೆ ಗಾಳಿ. ಫೆಬ್ರವರಿ, ಮಾರ್ಚಿನ ಬೆಂಗಳೂರಿನಲ್ಲಿ ಎದುರುಬದುರು ಕಿಟಕಿ ತೆರೆದು, ಪೆಡೆಸ್ಟಲ್ ಫ್ಯಾನನ್ನು ಸೀಲಿಂಗ್ ಕಡೆಗೆ ಓರೆಯಾಗಿ ತಿರುಗಿಸಿಟ್ಟರೆ ಸಾಕು. ಮಂಗಳೂರು, ಕಾರವಾರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಉಪಾಯ ತಿರುಗುಬಾಣ. ಹೊರಗಿನ ಗಾಳಿಯೇ ನೀರು ಹೊತ್ತು ತರುತ್ತಿರುತ್ತದೆ. ಅಲ್ಲಿ ಕಿಟಕಿ ಬಾಗಿಲು ಮುಚ್ಚಿ, ಡಿಹ್ಯುಮಿಡಿಫೈಯರ್ ಅಥವಾ ಎಸಿಯನ್ನು ಡ್ರೈ ಮೋಡಿನಲ್ಲಿ ಓಡಿಸಬೇಕು. ಡಿಹ್ಯುಮಿಡಿಫೈಯರ್ ತೊಟ್ಟಿಯಲ್ಲಿ ದಿನಕ್ಕೆ ಎಷ್ಟು ನೀರು ಸೇರಿತೆಂದು ಬರೆದಿಡಿ. ಅದು ಇಳಿಯುತ್ತ ಬಂದು ಒಂದು ಮಟ್ಟದಲ್ಲಿ ನಿಂತರೆ ಗೋಡೆಯಿಂದ ಬರುವ ನೀರು ಮುಗಿಯುತ್ತ ಬಂದಿದೆ. ಹ್ಯಾಲೊಜೆನ್ ದೀಪ, ಹೀಟ್ ಗನ್ ಹಿಡಿದು ಅವಸರ ಮಾಡಬೇಡಿ. ಮೇಲ್ಮೈ ಮಾತ್ರ ಒಣಗಿ ಬಿರುಕು ಬಿಡುತ್ತದೆ, ಒಳಗೆ ಹಸಿ ಹಾಗೇ ಉಳಿಯುತ್ತದೆ.

ಎಷ್ಟು ದಿನ? ಒಂದು ಕಡೆಯಿಂದ ಮಾತ್ರ ಒಣಗುವ ಕಾಂಕ್ರೀಟಿಗೆ ಇಂಚಿಗೆ ಒಂದು ತಿಂಗಳು ಎಂಬ ಹಳೆಯ ಅಂದಾಜು ಲೆಕ್ಕ ಇದೆ. ಮೇಲೆ ಟೈಲ್ಸ್, ಕೋಟಿಂಗ್ ಇರುವುದರಿಂದ ನಮ್ಮ ಮೋಲ್ಡ್ ಒಣಗುವುದೂ ಕೆಳಗಿನಿಂದ ಮಾತ್ರ. ಪೂರ್ತಿ ಆಳಕ್ಕೆ ಒಣಗುವವರೆಗೆ ಯಾರೂ ಕಾಯುವುದಿಲ್ಲ, ಬಣ್ಣಕ್ಕೆ ಅಷ್ಟು ಬೇಕಾಗಿಯೂ ಇಲ್ಲ. ಆದರೆ ನಾಲ್ಕು ದಿನ ಕಾದು ‘ಮುಟ್ಟಿದರೆ ಒಣಗಿದೆ’ ಎನ್ನುವುದು ಲೆಕ್ಕವಲ್ಲ. ಕೈಗೆ ತಿಳಿಯುವುದು ಮೇಲ್ಮೈ ಮಾತ್ರ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ಕಲೆಯ ನಡುವೆ ನಾಲ್ಕೂ ಅಂಚು ಗಾಳಿಯಾಡದಂತೆ ಟೇಪ್ ಹಚ್ಚಿ ಅಂಟಿಸಿ, ಒಂದು ಇಡೀ ದಿನ ಬಿಡಿ. ತೆಗೆದಾಗ ಹಾಳೆಯ ಒಳಬದಿಯಲ್ಲಿ ಮಂಜು ಕಟ್ಟಿದ್ದರೆ ಅಥವಾ ಆ ಜಾಗ ಸುತ್ತಲಿಗಿಂತ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹಸಿ ಪ್ಲಾಸ್ಟರಿಗೆ ಟೇಪ್ ನಿಲ್ಲದಿದ್ದರೆ ಅದೇ ಉತ್ತರ. ಎರಡು ಸೂಜಿಯ ಮಾಯಿಶ್ಚರ್ ಮೀಟರ್ ಇದ್ದರೆ ಇನ್ನೂ ಚೆನ್ನ. ಆದರೆ ಆ ಮೀಟರುಗಳನ್ನು ಹೆಚ್ಚಾಗಿ ಮರಕ್ಕೆಂದು ಹೊಂದಿಸಿರುತ್ತಾರೆ, ಪ್ಲಾಸ್ಟರಿನ ಮೇಲೆ ಬರುವ ಶೇಕಡಾ ಅಂಕಿಯನ್ನು ನಂಬಬೇಡಿ. ಅದೇ ಕೋಣೆಯ ಒಣ ಮೂಲೆಯಲ್ಲಿ ಎಷ್ಟು ತೋರಿಸುತ್ತದೋ ಕಲೆಯ ಜಾಗದಲ್ಲೂ ಅಷ್ಟೇ ಬಂದರೆ ಒಣಗಿತು ಎಂದರ್ಥ. ಉಪ್ಪು ಹೆಚ್ಚಿದ್ದರೂ ಮೀಟರ್ ಜಾಸ್ತಿ ತೋರಿಸುತ್ತದೆ, ಅದೊಂದು ನೆನಪಿರಲಿ.

ಒಣಗುವಾಗ ಬಿಳಿ ಹತ್ತಿಯಂಥ ಉಪ್ಪು ಮೂಡುತ್ತದೆ. ಹೆದರಬೇಕಿಲ್ಲ, ನೀರು ಹೊರಗೆ ಹೋಗುತ್ತಿದೆ ಎಂಬ ಲಕ್ಷಣ ಅದು. ಒಣ ಬ್ರಷ್‌ನಿಂದ ಕೆಡವಿ, ಕೆಳಗೆ ಹಳೇ ಪೇಪರ್ ಹಾಸಿ ಎತ್ತಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಬ್ರಷ್ ಮಾಡಿದ ಮೇಲೂ ವಾರದಲ್ಲಿ ಮತ್ತೆ ಮೂಡುತ್ತಿದ್ದರೆ ಪುಟ್ಟಿಯ ಡಬ್ಬಿ ಮುಟ್ಟಬೇಡಿ.

ಬೂಷ್ಟು ಬೇರೆ ವಿಷಯ. ನೆನೆದದ್ದು ಒಂದೆರಡು ದಿನದಲ್ಲಿ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರು. ಕಪ್ಪು ಹಸಿರು ಚುಕ್ಕೆಗಳನ್ನು ಒಣಗಿದ್ದಾಗ ಗುಡಿಸಬೇಡಿ, ಕೋಣೆಯೆಲ್ಲ ಹಾರುತ್ತದೆ. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿ, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಸಾಡಿ. ಮೂರಡಿಗೆ ಮೂರಡಿ ಜಾಗಕ್ಕಿಂತ ಹೆಚ್ಚಿದ್ದರೆ, ಅಥವಾ ಮನೆಯಲ್ಲಿ ಉಬ್ಬಸದವರಿದ್ದರೆ, ಕೆಲಸ ಗೊತ್ತಿದ್ದವರಿಗೆ ವಹಿಸಿ. ಬ್ಲೀಚಿಂಗ್ ಹಾಕಿದ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ಪ್ಲಾಸ್ಟರ್ ಮತ್ತು ಅದರ ಹಿಂದಿನ ಕಂಬಿ

ಒಣಗಿದ ಸೀಲಿಂಗನ್ನು ಸುತ್ತಿಗೆಯ ಮರದ ಹಿಡಿಯಿಂದ ಇಂಚಿಂಚಾಗಿ ತಟ್ಟಿ ನೋಡಬೇಕು. ‘ಟಕ್’ ಎಂದರೆ ಗಟ್ಟಿ, ‘ಡಬ್’ ಎಂದರೆ ಟೊಳ್ಳು. ಟೊಳ್ಳು ಸದ್ದಿನ ಪ್ಲಾಸ್ಟರ್ ಇಂದಲ್ಲ ನಾಳೆ ತಲೆ ಮೇಲೆ ಬೀಳುವಂಥದ್ದು, ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ಗಟ್ಟಿ ಸದ್ದು ಬಂದ ಕಡೆಯಿಂದಲೂ ನಾಲ್ಕು ಇಂಚು ಮುಂದಕ್ಕೆ ಹೋಗಿ, ಗ್ರೈಂಡರ್‌ನಿಂದ ಚೌಕವಾಗಿ ಗೆರೆ ಕೊಯ್ದು, ಒಳಗಿನದ್ದನ್ನು ಉಳಿಯಿಂದ ಬಿಡಿಸಿ. ಅಂಚು ನೇರ ಇದ್ದರೆ ಹೊಸ ಗಾರೆ ತುದಿಯಲ್ಲಿ ತೆಳ್ಳಗಾಗಿ ಹಕ್ಕಳೆ ಏಳುವುದಿಲ್ಲ.

ಬಿಡಿಸುವ ಮುಂಚೆ ಬಿರುಕುಗಳನ್ನು ನೋಡಿ. ಅಡ್ಡಾದಿಡ್ಡಿ ಜೇಡರ ಬಲೆಯ ಬಿರುಕು ಪ್ಲಾಸ್ಟರಿನದ್ದು. ಐದಾರು ಇಂಚಿಗೊಂದರಂತೆ ನೇರವಾಗಿ, ಸಮಾನಾಂತರವಾಗಿ ಓಡುವ ಬಿರುಕು, ಅದರ ಗುಂಟ ತುಕ್ಕಿನ ಬಣ್ಣ ಕಂಡರೆ ಅದು ಕಂಬಿಯದ್ದು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ, ಕೆಳಗಿರುವ ಮುಕ್ಕಾಲು ಇಂಚಿನ ಕಾಂಕ್ರೀಟ್ ಹೊದಿಕೆಯನ್ನು ಒಳಗಿನಿಂದಲೇ ಒದ್ದು ಕೆಡವುತ್ತದೆ. ಇಂಥ ಕಡೆ ಬರೀ ಗಾರೆ ಮೆತ್ತಿದರೆ ತುಕ್ಕು ಒಳಗೇ ಮುಂದುವರಿದು ಹೊಸ ಗಾರೆಯನ್ನೂ ತಳ್ಳುತ್ತದೆ.

ಕಂಬಿ ಕಂಡಲ್ಲೆಲ್ಲ ಅದರ ಹಿಂದೆ ಬೆರಳು ಹೋಗುವಷ್ಟು, ಅಂದರೆ ಸುಮಾರು 20 ಮಿಮೀ, ಕಾಂಕ್ರೀಟ್ ಬಿಡಿಸಿ. ಉದ್ದಕ್ಕೆ, ತುಕ್ಕಿಲ್ಲದ ಕಂಬಿ ಸಿಗುವವರೆಗೆ ಹೋಗಿ. ಕಂಬಿಯ ಹಿಂಬದಿಯೂ ಸೇರಿ ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿ, ಅದೇ ದಿನ ಝಿಂಕ್ ಪ್ರೈಮರ್ ಹಚ್ಚಿ. ಒಂದು ರಾತ್ರಿ ಬಿಟ್ಟರೂ ಮಳೆಗಾಲದ ಗಾಳಿಗೆ ಮತ್ತೆ ಕೆಂಪಾಗುತ್ತದೆ. ಕಂಬಿ ಎದ್ದು ಕಾಣುವಷ್ಟು ತಿಂದುಹೋಗಿದ್ದರೆ, ಮೋಲ್ಡ್ ಕಣ್ಣಿಗೆ ಕಾಣುವಷ್ಟು ಬಾಗಿದ್ದರೆ, ತೊಲೆ ಅಥವಾ ಕಂಬದಲ್ಲಿ ಬಿರುಕಿದ್ದರೆ ಮೇಸ್ತ್ರಿಯ ಮಾತಿನ ಮೇಲೆ ಮುಂದುವರಿಯಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಬರುವವರೆಗೆ ಮೋಲ್ಡಿನ ಅಡಿಗೆ ಜಾಕಿ ಕೊಟ್ಟು ನಿಲ್ಲಿಸಿ.

ತುಂಬಲು ಪಾಲಿಮರ್ ಗಾರೆ ಬೇಕು, ಸಾದಾ ಗಾರೆ ತಲೆಕೆಳಗಾಗಿ ನಿಲ್ಲುವುದು ಕಷ್ಟ. ಒಂದು ಪಾಲು ಸಿಮೆಂಟ್, ಮೂರು ಪಾಲು ಜರಡಿ ಹಿಡಿದ ಪಿ ಸ್ಯಾಂಡ್ (ಪ್ಲಾಸ್ಟರಿಂಗ್‌ಗೆಂದು ಕಲ್ಲು ಪುಡಿಮಾಡಿದ ಮರಳು), ಸಿಮೆಂಟಿನ ತೂಕದ ಶೇಕಡಾ 10ರಿಂದ 20ರಷ್ಟು ಎಸ್‌ಬಿಆರ್ ಲ್ಯಾಟೆಕ್ಸ್ (ಸಿಮೆಂಟಿಗೆ ಬೆರೆಸುವ ಹಾಲಿನಂಥ ರಬ್ಬರ್ ದ್ರವ). ಹತ್ತು ಚದರಡಿಗೆ ಅರ್ಧ ಇಂಚು ದಪ್ಪ ಬೇಕಾದರೆ ಸುಮಾರು 6 ಕಿಲೋ ಸಿಮೆಂಟ್, 18 ಕಿಲೋ ಮರಳು, 1 ಲೀಟರ್ ಲ್ಯಾಟೆಕ್ಸ್. ನೀರು ಮುಷ್ಟಿಯಲ್ಲಿ ಉಂಡೆ ನಿಲ್ಲುವಷ್ಟೇ. ಮೊದಲು ಕಾಂಕ್ರೀಟನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕದಂತೆ ಒರೆಸಿ, ಲ್ಯಾಟೆಕ್ಸ್, ನೀರು, ಸಿಮೆಂಟ್ ಬೆರೆಸಿದ ತೆಳು ಬೊಂದಿಯನ್ನು ಬ್ರಷ್‌ನಿಂದ ತಿಕ್ಕಬೇಕು.

ಎಲ್ಲರೂ ಎಡವುವುದು ಇಲ್ಲಿ. ಆ ಪದರ ಬೆರಳಿಗೆ ಅಂಟುವ ಹದದಲ್ಲಿರುವಾಗಲೇ ಗಾರೆ ಒತ್ತಬೇಕು. ಬೊಂದಿ ಹಚ್ಚಿ ಊಟಕ್ಕೆ ಹೋಗಿ ಬಂದರೆ ಅದು ಒಣಗಿ ರಬ್ಬರ್ ಹಾಳೆಯಾಗಿರುತ್ತದೆ. ಅದರ ಮೇಲೆ ಹಾಕಿದ ಗಾರೆ ಏನೂ ಹಚ್ಚದೇ ಹಾಕಿದ್ದಕ್ಕಿಂತ ಬೇಗ ಬಿಡುತ್ತದೆ. ಹಾಗೆ ಒಣಗಿಹೋದರೆ ತಂತಿ ಬ್ರಷ್‌ನಿಂದ ಕೆರೆದು ಮತ್ತೆ ಹಚ್ಚುವುದೊಂದೇ ದಾರಿ. ಆದ್ದರಿಂದ ಒಮ್ಮೆಗೆ ಮೂರು ನಾಲ್ಕು ಚದರಡಿ ಮಾತ್ರ ಹಚ್ಚಿ. ಒಂದು ಕೈಗೆ ಅರ್ಧ ಇಂಚಿಗಿಂತ ದಪ್ಪ ಬೇಡ. ಹೆಚ್ಚು ಬೇಕಿದ್ದರೆ ಮೊದಲ ಪದರದ ಮೇಲೆ ಕರಣೆಯಿಂದ ಗೀರು ಹಾಕಿ, ಮರುದಿನ ಮತ್ತೆ ಬೊಂದಿ ಹಚ್ಚಿ ಮುಂದಿನ ಪದರ ಕೊಡಿ. ಪಾಲಿಮರ್ ಗಾರೆಗೆ ಒಂದೆರಡು ದಿನ ನೀರು ಚಿಮುಕಿಸಿ ಆಮೇಲೆ ಗಾಳಿಗೆ ಬಿಡಬೇಕು. ಸಾದಾ ಪ್ಲಾಸ್ಟರ್ ಮಾಡಿಸಿದ್ದರೆ ಅದಕ್ಕೆ ಏಳು ದಿನ ಕ್ಯೂರಿಂಗ್.

ಕೊನೆಗೆ ಬಣ್ಣ

ಹೊಸ ಸಿಮೆಂಟ್ ಪ್ಲಾಸ್ಟರಿಗೆ 28 ದಿನ ಬಿಟ್ಟು ಬಣ್ಣ ಮುಟ್ಟಿಸುವುದು ವಾಡಿಕೆ, ಸುಣ್ಣದ ಕ್ಷಾರ ಆ ಹೊತ್ತಿಗೆ ತಗ್ಗಿರುತ್ತದೆ. ಪುಟ್ಟಿ ವೈಟ್ ಸಿಮೆಂಟಿನದ್ದೇ ಇರಲಿ, ಕಿಲೋಗೆ 350ರಿಂದ 400 ಮಿಲಿ ನೀರು. ಒಂದು ಕೈ 1.5 ಮಿಮೀ, ಎರಡೂ ಸೇರಿ 3 ಮಿಮೀ ದಾಟಬಾರದು. ತಗ್ಗನ್ನು ಪುಟ್ಟಿಯಲ್ಲಿ ತುಂಬುವ ಅಭ್ಯಾಸವೇ ಮುಂದೆ ಹಕ್ಕಳೆಯಾಗಿ ಏಳುವುದು, ತಗ್ಗಿಗೆ ಗಾರೆಯೇ ಬೇಕು. ಉಳಿಸಿಕೊಂಡ ಹಳೆಯ ಪ್ಲಾಸ್ಟರಿನ ಮೇಲಿನ ಕಂದು ಕಲೆಗೆ ನೀರಿನ ಪ್ರೈಮರ್ ಹಚ್ಚಿದರೆ ಕಲೆ ಅದರಲ್ಲಿ ಕರಗಿ ಮೇಲೆ ಬರುತ್ತದೆ. ಆ ಜಾಗಕ್ಕಷ್ಟೇ ಕಲೆ ತಡೆಯುವ, ಸಾಲ್ವೆಂಟ್ ಆಧಾರದ ಪ್ರೈಮರ್ ಹಚ್ಚಿ. ಅದನ್ನೇ ಹಸಿ ಇರುವ ಹೊಸ ಸಿಮೆಂಟಿನ ಮೇಲೆ ಹಚ್ಚಿದರೆ ಕ್ಷಾರ ಎಣ್ಣೆಯನ್ನು ಸೋಪಾಗಿಸಿ ಬಣ್ಣ ಮೆತ್ತಗಾಗುತ್ತದೆ. ಹತ್ತು ಹನ್ನೆರಡರ ಕೋಣೆಯ ಸೀಲಿಂಗಿಗೆ ಎರಡು ಕೈ ಎಮಲ್ಷನ್ ಸುಮಾರು 1 ಲೀಟರ್. ಕಲೆಯ ಜಾಗಕ್ಕೆ ಮಾತ್ರ ಹೊಡೆದು ಉಳಿಸಲು ಹೋಗಬೇಡಿ, ಟ್ಯೂಬ್‌ಲೈಟ್ ಹಾಕಿದ ಕೂಡಲೇ ತೇಪೆ ಎದ್ದು ಕಾಣುತ್ತದೆ. ಗೋಡೆಯಿಂದ ಗೋಡೆಗೆ ಪೂರ್ತಿ ಹೊಡೆಸಿ.

ವಾರ್ಡ್‌ರೋಬ್, ಅಟ್ಟದ ಬಾಗಿಲುಗಳ ವಿಷಯ ಬೇಗ ತೀರ್ಮಾನಿಸಬಹುದು. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಒಮ್ಮೆ ಊದಿಕೊಂಡರೆ ಮತ್ತೆ ಇಳಿಯುವುದಿಲ್ಲ, ಬದಲಿಸಿ. ಐಎಸ್ 710 ಗುರುತಿನ (ಮರೈನ್) ಪ್ಲೈವುಡ್ ಆಗಿದ್ದರೆ ಬಾಗಿಲು ಕಳಚಿ, ಮಟ್ಟಸವಾಗಿ ಮಲಗಿಸಿ, ನೆರಳಿನಲ್ಲಿ ಒಣಗಿಸಿದರೆ ಬಹಳಷ್ಟು ಸಲ ಉಳಿಯುತ್ತದೆ. ಐಎಸ್ 303ರ ಎಂಆರ್ (ತೇವವನ್ನಷ್ಟೇ ತಡೆಯುವ) ಪ್ಲೈ ಪದರ ಬಿಟ್ಟಿದೆಯೇ ಎಂದು ಅಂಚಿನಲ್ಲಿ ಚಾಕುವಿನ ತುದಿ ಹಾಕಿ ನೋಡಿ. ಗೋಡೆಗೆ ಅಂಟಿದ ಹಿಂಬದಿಯ ಹಲಗೆಯನ್ನು ಬಿಚ್ಚದೇ ಬಿಡಬೇಡಿ, ಒಂದೆರಡು ತಿಂಗಳು ಹಸಿಯಾಗಿದ್ದ ಆ ಸಂದಿಯನ್ನು ಗೆದ್ದಲು ಹುಡುಕಿಕೊಂಡು ಬರುತ್ತದೆ. ಮತ್ತೆ ಕೂರಿಸುವಾಗ ಗೋಡೆಗೂ ಹಲಗೆಗೂ ನಡುವೆ ಅರ್ಧ ಇಂಚು ಗಾಳಿಗೆ ಬಿಟ್ಟು ಕೂರಿಸಲು ಬಡಗಿಗೆ ಹೇಳಿ.